ಬೀಪ್ ಬರುವವರೆಗೂ ಮುಟ್ಟಬೇಡಿ: ಡ್ರೋನಿನ ಗೈರೋಗೆ ಸೊನ್ನೆ ತೋರಿಸುವ ಕೆಲಸ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತಿನ ಬರಹ ರೂಪ ಇದು. ಮಾತು ಗೈರೋ ಬಗ್ಗೆ, ಅಂದರೆ ಡ್ರೋನ್ ತಿರುಗುವುದನ್ನು ಅಳೆಯುವ ಸಣ್ಣ ಚಿಪ್ಪಿನ ಬಗ್ಗೆ. ಅಲುಗಾಡದೆ ಕೂತಾಗ ಅದಕ್ಕೆ ಸೊನ್ನೆ ಯಾವುದು ಅಂತ ತೋರಿಸುವುದೇ ಕ್ಯಾಲಿಬ್ರೇಷನ್. ಕೇಳಲು ಬಂದವರಲ್ಲಿ ಅರ್ಧದಷ್ಟು ಜನ ಇಂಜಿನಿಯರಿಂಗ್ ಮತ್ತು ಐಟಿಐ ಓದುವವರು. ಉಳಿದವರು ಹಾವೇರಿ, ಗದಗ ಕಡೆ ಹೊಲಗಳಿಗೆ ಡ್ರೋನಿನಿಂದ ಔಷಧಿ ಹೊಡೆಯುವವರು. ನಡುವೆ ಬಂದ ಪ್ರಶ್ನೆಗಳನ್ನೂ ಇಲ್ಲಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಬ್ಯಾಡಗಿ ಹತ್ತಿರದ ಒಂದು ಮೆಣಸಿನ ಹೊಲದಿಂದ ಶುರು ಮಾಡುತ್ತೇನೆ. ನಾನು ಡ್ರೋನ್ ರಿಪೇರಿ ಕೆಲಸಕ್ಕೆ ಇಳಿದ ಮೊದಲ ವರ್ಷ. ಬೆಳಿಗ್ಗೆ ಆರೂವರೆಗೆ ಫೋನ್ ಬಂತು. "ಸರ್ರ, ಗೈರೋ ಕ್ಯಾಲಿಬ್ರೇಟ್ ಆಗಿಲ್ಲ ಅಂತ ಬರಾಕತ್ತೈತ್ರಿ. ಮೋಟಾರ್ ಚಾಲೂನ ಆಗವಲ್ವು. ಬೋರ್ಡ್ ಹೋತೇನ್ರಿ?" ಬ್ಯಾಟರಿ ತೆಗೆದು ಮತ್ತೆ ಹಾಕಿ ಅಂದೆ. ಹಾಕಿದರು, ಅದೇ ಮಾತು ಬಂತು. ಮೂರು ಸಲ ಆಯಿತು. ಗಾಳಿ ಏಳುವ ಮೊದಲು ಔಷಧಿ ಹೊಡೆಯಬೇಕು, ಬಿಸಿಲೇರಿದರೆ ಆ ದಿನದ ಕೆಲಸ ಕೆಟ್ಟಂತೆ. ನಾನು ಹೊಸ ಬೋರ್ಡ್ ಒಂದನ್ನು ಚೀಲದಲ್ಲಿ ಹಾಕಿಕೊಂಡು ಬೈಕ್ ಹತ್ತಿದೆ.

ಹೊಲ ಮುಟ್ಟುವ ಹೊತ್ತಿಗೆ ಅವರು ಡ್ರೋನನ್ನು ಟಂಟಂ ಗಾಡಿಯಿಂದ ಇಳಿಸಿ ಬದುವಿನ ಮೇಲೆ ಇಟ್ಟಿದ್ದರು. ಸುಮ್ನೆ ಒಮ್ಮೆ ನೋಡೋಣ ಅಂತ ಬ್ಯಾಟರಿ ಹಾಕಿದೆ. ಮೂರೇ ಸೆಕೆಂಡಿಗೆ ಎಲ್ಲ ಸರಿ ಅನ್ನುವ ಬೀಪ್ ಬಂತು! ನನಗೆ ಅರ್ಥವೇ ಆಗಲಿಲ್ಲ. ಮೊದಲು ಎಲ್ಲಿಟ್ಟು ಹಾಕಿದ್ರಿ ಅಂತ ಕೇಳಿದೆ. ಟಂಟಂನ ಹಿಂದೆಯೇ ಅಂದರು. ಎತ್ತಿ ಅಲ್ಲೇ ಇಟ್ಟು ನೋಡಿದರೆ ಮತ್ತೆ ಅದೇ ದೂರು. ಆಗ ನನ್ನ ಅಂಗೈ ಟಂಟಂನ ತಗಡಿನ ಮೇಲಿತ್ತು. ತಗಡು ದಡದಡ ನಡುಗುತ್ತಿತ್ತು. ಗಾಡಿಯ ಸೆಲ್ಫ್ ಕೆಟ್ಟಿತ್ತು, ಒಮ್ಮೆ ಬಂದ್ ಆದರೆ ತಳ್ಳಿಯೇ ಚಾಲೂ ಮಾಡಬೇಕು. ಅದಕ್ಕೇ ಡ್ರೈವರ್ ಬೆಳಿಗ್ಗೆಯಿಂದ ಎಂಜಿನ್ ಬಂದ್ ಮಾಡಿರಲಿಲ್ಲ.

ಬೋರ್ಡ್ ಚೆನ್ನಾಗಿಯೇ ಇತ್ತು. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. "ನಾನು ಅಲುಗಾಡ್ತಾ ಇದ್ದೀನಿ, ಸೊನ್ನೆ ಯಾವುದು ಅಂತ ನನಗೆ ಗೊತ್ತಾಗ್ತಿಲ್ಲ" ಅಂತ ಅದು ಹೇಳುತ್ತಿತ್ತು. ಫೋನಿನಲ್ಲಿ ನಾನು ಮೊದಲು ಕೇಳಬೇಕಾಗಿದ್ದ ಪ್ರಶ್ನೆ "ಎಲ್ಲಿ ಇಟ್ಟಿದ್ದೀರಿ?" ಅನ್ನುವುದು. ಅಂದಿನಿಂದ ಇಂದಿನವರೆಗೆ ನನ್ನ ಮೊದಲ ಪ್ರಶ್ನೆ ಅದೇ.

ಇವತ್ತು ನಾನು ಹೇಳಲು ಬಂದಿರುವುದು ಆ ಮೂರು ಸೆಕೆಂಡಿನ ಬಗ್ಗೆ. ಬ್ಯಾಟರಿ ಹಾಕಿದ ತಕ್ಷಣ ಫ್ಲೈಟ್ ಕಂಟ್ರೋಲರ್, ಅಂದರೆ ಡ್ರೋನನ್ನು ನಡೆಸುವ ಆ ಬೋರ್ಡ್, ಒಂದು ಮಾತನ್ನು ನಂಬುತ್ತದೆ: ಈಗ ನಾನು ಅಲುಗಾಡದೆ ಕೂತಿದ್ದೇನೆ. ಆ ನಂಬಿಕೆಯ ಮೇಲೆಯೇ ಮುಂದಿನ ಹಾರಾಟ ಪೂರ್ತಿ ನಿಂತಿದೆ. ಆ ಹೊತ್ತಿಗೆ ನಾವು ಅದನ್ನು ಅಲುಗಿಸಿದರೆ ನಮ್ಮ ಕೈಯಾರೆ ಸುಳ್ಳು ಹೇಳಿದಂತೆ.

ಗೈರೋ ಏನು ಹೇಳುತ್ತದೆ ಅನ್ನುವುದನ್ನು ಮೊದಲು ಸರಿಯಾಗಿ ತಿಳಿದುಕೊಳ್ಳೋಣ. ತುಂಬಾ ಜನ ಅದು ಕೋನ ಹೇಳುತ್ತದೆ ಅಂದುಕೊಂಡಿದ್ದಾರೆ. ಡ್ರೋನ್ ಎಷ್ಟು ವಾಲಿದೆ ಅನ್ನುವುದು ಗೈರೋಗೆ ಗೊತ್ತೇ ಇಲ್ಲ. ಎಷ್ಟು ಬೇಗ ತಿರುಗುತ್ತಿದೆ ಅನ್ನುವುದಷ್ಟೇ ಗೊತ್ತು. ಸೆಕೆಂಡಿಗೆ ಇಷ್ಟು ಡಿಗ್ರಿ. ಆ ವೇಗವನ್ನು ಹೊತ್ತು ಹೊತ್ತಿಗೆ ಕೂಡಿಸುತ್ತಾ ಹೋಗಿ ಕೋನ ಕಂಡುಕೊಳ್ಳುವುದು ಫ್ಲೈಟ್ ಕಂಟ್ರೋಲರ್‌ನ ಕೆಲಸ.

ಈ ಕೂಡಿಸುವ ಕೆಲಸದಲ್ಲೇ ತೊಂದರೆ ಇರುವುದು. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ತೂಕದ ಮಷೀನ್ ನೋಡಿರುತ್ತೀರಿ. ಚೀಲ ಇಡುವ ಮೊದಲು ಸೊನ್ನೆ ಮಾಡುವ ಗುಂಡಿ ಒತ್ತುತ್ತಾರೆ. ಒತ್ತುವಾಗ ಯಾರದ್ದೋ ಕಾಲು ಮಷೀನಿನ ಮೇಲೆ ಇದ್ದರೆ, ಆಮೇಲೆ ಬರುವ ಪ್ರತಿ ಚೀಲವೂ ಅಷ್ಟು ಕಡಿಮೆ ತೂಗುತ್ತದೆ. ಆದರೆ ಹತ್ತನೇ ಚೀಲಕ್ಕೂ ಅಷ್ಟೇ ಕಡಿಮೆ, ನೂರನೇ ಚೀಲಕ್ಕೂ ಅಷ್ಟೇ. ಗೈರೋ ಹಾಗಲ್ಲ. ಸೊನ್ನೆಯಲ್ಲಿ ಸೆಕೆಂಡಿಗೆ 2 ಡಿಗ್ರಿ ತಪ್ಪಿದೆ ಅಂದುಕೊಳ್ಳಿ. ಒಂದು ನಿಮಿಷಕ್ಕೆ 120 ಡಿಗ್ರಿ. ಮೂರು ನಿಮಿಷಕ್ಕೆ ಒಂದು ಪೂರ್ತಿ ಸುತ್ತು! ಡ್ರೋನ್ ಮೇಜಿನ ಮೇಲೆ ಕದಲದೆ ಕೂತಿದೆ, ಲೆಕ್ಕದಲ್ಲಿ ಮಾತ್ರ ಒಂದು ಸುತ್ತು ಹೊಡೆದಿದೆ. ತಪ್ಪು ಸಾಲದ ಬಡ್ಡಿಯ ಹಾಗೆ ಬೆಳೆಯುತ್ತದೆ.

ಅಲುಗಾಡದೆ ಕೂತ ಚಿಪ್ ಯಾಕೆ ಸೊನ್ನೆ ಹೇಳುವುದಿಲ್ಲ? ಇದನ್ನು ತಿಳಿಯಬೇಕಾದರೆ ಒಳಗೆ ಹೋಗಬೇಕು. ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು.

ಗೈರೋಸ್ಕೋಪ್ ಅಂದರೆ ನಮ್ಮ ಕಣ್ಣ ಮುಂದೆ ಬರುವುದು ತಿರುಗುವ ಚಕ್ರ. ಆ ಹೆಸರು ಕೊಟ್ಟವನು ಫ್ರಾನ್ಸಿನ ಫೂಕೋ, 1852ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಪ್ಯಾರಿಸ್ಸಿನಲ್ಲಿ ಉದ್ದನೆಯ ಲೋಲಕ ತೂಗುಹಾಕಿ ಭೂಮಿ ತಿರುಗುವುದನ್ನು ಜನರಿಗೆ ತೋರಿಸಿದವನೂ ಅವನೇ. ಡ್ರೋನಿನ ಚಿಪ್ಪಿನಲ್ಲಿ ತಿರುಗುವ ಚಕ್ರ ಯಾವುದೂ ಇಲ್ಲ. ಸಿಲಿಕಾನಿನಲ್ಲಿ ಕೆತ್ತಿದ, ಕಣ್ಣಿಗೆ ಕಾಣದಷ್ಟು ಸಣ್ಣ ತುಂಡುಗಳಿವೆ. ತೆಳುವಾದ ಸ್ಪ್ರಿಂಗುಗಳಿಗೆ ಅವು ಜೋತುಬಿದ್ದಿವೆ. ಎಂಪಿಯು-6000 ಅನ್ನುವ ಹಳೆಯ, ಎಲ್ಲರಿಗೂ ಗೊತ್ತಿರುವ ಚಿಪ್ಪಿನಲ್ಲಿ ಅವು ಸೆಕೆಂಡಿಗೆ ಸುಮಾರು 30 ಸಾವಿರ ಸಲ ಅತ್ತಿತ್ತ ಅದುರುತ್ತವೆ. ನಮ್ಮ ಕಿವಿಗೆ ಕೇಳುವ ಮಿತಿಗಿಂತ ಮೇಲೆ.

ಈಗ ಸಿದ್ಧಾರೂಢ ಮಠದ ಜಾತ್ರೆಗೆ ಬನ್ನಿ. ಮಕ್ಕಳು ಕೂರುವ ಗಿರಗಿರ ಸುತ್ತುವ ಕುದುರೆಗಳ ಆಟ ಇರುತ್ತದಲ್ಲ, ಅದು ಸುತ್ತುವಾಗ ನಡುವಿನ ಕಂಬದಿಂದ ಅಂಚಿನ ಕಡೆ ನೆಟ್ಟಗೆ ನಡೆಯಲು ನೋಡಿ. ಯಾರೋ ಪಕ್ಕದಿಂದ ತಳ್ಳಿದ ಹಾಗಾಗುತ್ತದೆ. ಅಂಚಿನಿಂದ ನಡುವಿಗೆ ಬಂದರೆ ಇನ್ನೊಂದು ಪಕ್ಕಕ್ಕೆ ತಳ್ಳುತ್ತದೆ. ಇದರ ಲೆಕ್ಕವನ್ನು 1835ರಲ್ಲಿ ಬರೆದಿಟ್ಟವನು ಫ್ರಾನ್ಸಿನ ವಿಜ್ಞಾನಿ ಕೊರಿಯೋಲಿಸ್. ಚಿಪ್ಪಿನೊಳಗಿನ ತುಂಡು ಹೀಗೆ ಅತ್ತಿತ್ತ ಓಡಾಡುತ್ತಲೇ ಇರುತ್ತದೆ. ಡ್ರೋನ್ ತಿರುಗಿದರೆ ಸಾಕು, ಅದಕ್ಕೆ ಪಕ್ಕದಿಂದ ತಳ್ಳು ಬೀಳುತ್ತದೆ. ತುಂಡು ಪಕ್ಕಕ್ಕೆ ಸರಿದರೆ, ಎದುರಿಗಿರುವ ಸಿಲಿಕಾನ್ ಹಲ್ಲುಗಳಿಗೂ ಅದಕ್ಕೂ ನಡುವಿನ ಅಂತರ ಬದಲಾಗುತ್ತದೆ. ಅವುಗಳ ನಡುವೆ ವಿದ್ಯುತ್ ಚಾರ್ಜ್ ಹಿಡಿದಿಡುವ ಅಳತೆ, ಅಂದರೆ ಕೆಪಾಸಿಟನ್ಸ್, ಬದಲಾಗುತ್ತದೆ. ಅದೇ ಅಂಕಿಯಾಗಿ ನಮಗೆ ಸಿಗುತ್ತದೆ.

ಇಷ್ಟು ಸಣ್ಣ ಸರಿದಾಟವನ್ನು ಅಳೆಯುವಾಗ, ಸ್ಪ್ರಿಂಗ್ ಒಂದು ಕಡೆ ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟು ಹೆಚ್ಚು ದಪ್ಪ ಇದ್ದರೂ ತಳ್ಳು ಇಲ್ಲದೆಯೇ ತಳ್ಳು ಬಿದ್ದ ಹಾಗೆ ಕಾಣುತ್ತದೆ. ಫ್ಯಾಕ್ಟರಿಯಿಂದ ಬರುವಾಗಲೇ ಪ್ರತಿ ಚಿಪ್ಪಿಗೂ ಒಂದು ಓರೆ ಇರುತ್ತದೆ. ಇದಕ್ಕೆ ಬಯಾಸ್ ಅನ್ನುತ್ತಾರೆ, ಆಫ್‌ಸೆಟ್ ಅಂತಲೂ ಅನ್ನುತ್ತಾರೆ. ಬೋರ್ಡಿಗೆ ಬೆಸುಗೆ ಹಾಕುವ ಬಿಸಿಗೆ ಅದು ಬದಲಾಗುತ್ತದೆ. ಬೋರ್ಡನ್ನು ಫ್ರೇಮಿಗೆ ಕೂರಿಸುವಾಗ ಒಂದು ಮೂಲೆಯ ಸ್ಕ್ರೂ ಜಾಸ್ತಿ ಬಿಗಿದು ಬೋರ್ಡ್ ಸ್ವಲ್ಪ ಬಾಗಿದರೂ ಬದಲಾಗುತ್ತದೆ. ಎಂಪಿಯು-6000 ತಯಾರಕರೇ ತಮ್ಮ ಹಾಳೆಯಲ್ಲಿ ಈ ಓರೆ ಸೆಕೆಂಡಿಗೆ 20 ಡಿಗ್ರಿವರೆಗೂ ಇರಬಹುದು ಅಂತ ಬರೆದಿದ್ದಾರೆ. ಈಚಿನ ಐಸಿಎಂ-42688-ಪಿ ಚಿಪ್ಪಿನಲ್ಲಿ ಅದು ಅರ್ಧ ಡಿಗ್ರಿಯ ಆಸುಪಾಸಿಗೆ ಇಳಿದಿದೆ. ಅಂದಮೇಲೆ ಓರೆ ಇರುವುದು ದೋಷ ಅಲ್ಲ, ಅದು ಆ ಚಿಪ್ಪಿನ ಹುಟ್ಟುಗುಣ. ಎಷ್ಟು ಓರೆ ಅಂತ ತಿಳಿದುಕೊಂಡು ಕಳೆದುಬಿಟ್ಟರೆ ಆಯಿತು. ಕ್ಯಾಲಿಬ್ರೇಷನ್ ಅಂದರೆ ಇಷ್ಟೇ.

ಇಲ್ಲಿ ಮೇಜಿನ ಮೇಲೆ ಎಂಪಿಯು-6050ರ ಸಣ್ಣ ಹಲಗೆ ಇದೆ. ಆರ್ಡುಯಿನೋ ಅನ್ನುವ ಕಲಿಕೆಯ ಬೋರ್ಡಿನಲ್ಲಿ ಕೈಯಾಡಿಸುವ ಎಲ್ಲರ ಹತ್ತಿರವೂ ಇರುವಂಥದ್ದು, 6000ದ ಒಡಹುಟ್ಟು. ಸೆಕೆಂಡಿಗೆ 2000 ಡಿಗ್ರಿಯವರೆಗೆ ಅಳೆಯುವ ಹಾಗೆ ಇಟ್ಟಿದ್ದೇನೆ. ಹಾಗೆ ಇಟ್ಟಾಗ ಸೆಕೆಂಡಿಗೆ 1 ಡಿಗ್ರಿ ತಿರುಗಿದರೆ ಅಂಕಿ 16.4 ಏರುತ್ತದೆ. ಈಗ ಪರದೆ ನೋಡಿ. ಮೂರು ಅಕ್ಷಗಳ ಸುತ್ತಲಿನ ತಿರುಗುವಿಕೆಗೆ ಮೂರು ಅಂಕಿ. ಎಕ್ಸ್ ಅಕ್ಷ 33ರ ಸುತ್ತ ಆಡುತ್ತಿದೆ: 32, 34, 33, 33, 32. ವೈ ಮೈನಸ್ 18ರ ಸುತ್ತ. ಜೆಡ್ 12ರ ಸುತ್ತ. ಯಾರೂ ಮುಟ್ಟಿಲ್ಲ. 33ನ್ನು 16.4ರಿಂದ ಭಾಗಿಸಿದರೆ ಹತ್ತಿರಹತ್ತಿರ 2. ಈಗಷ್ಟೇ ಹೇಳಿದ, ಮೂರು ನಿಮಿಷಕ್ಕೆ ಒಂದು ಸುತ್ತು ತಪ್ಪುವ ಚಿಪ್ ಇದೇ.

ಇಲ್ಲಿ ಎರಡು ವಿಷಯ ಬೇರೆ ಬೇರೆ ಮಾಡಿ ನೋಡಿ. 33 ಅನ್ನುವುದು ಓರೆ, ಅದು ನಿಂತಿದೆ. 32, 34 ಅಂತ ಕುಣಿಯುವುದು ನಾಯ್ಸ್, ಅದು ಬಂದು ಹೋಗುತ್ತದೆ. ಒಂದೇ ಓದನ್ನು, ಅಂದರೆ ಒಮ್ಮೆ ಬಂದ ಅಂಕಿಯನ್ನು, ತೆಗೆದುಕೊಂಡರೆ ಎರಡೂ ಬೆರೆತುಹೋಗಿರುತ್ತವೆ. ತುಂಬಾ ಓದುಗಳ ಸರಾಸರಿ ತೆಗೆದರೆ ಕುಣಿತ ಒಂದನ್ನೊಂದು ಹೊಡೆದುಹಾಕಿ ಓರೆ ಮಾತ್ರ ಉಳಿಯುತ್ತದೆ. 1000 ಓದುಗಳ ಸರಾಸರಿಯಲ್ಲಿ ಕುಣಿತ ಸುಮಾರು 30 ಪಟ್ಟು ಇಳಿಯುತ್ತದೆ. ಹಾಗಾದರೆ ಒಂದು ತಾಸು ಸರಾಸರಿ ತೆಗೆದರೆ ಇನ್ನೂ ಒಳ್ಳೇದಲ್ವಾ? ಅಲ್ಲ. ಒಂದು ಹಂತ ದಾಟಿದ ಮೇಲೆ ಓರೆಯೇ ನಿಧಾನವಾಗಿ ನಡೆಯಲು ಶುರು ಮಾಡುತ್ತದೆ. ಎಷ್ಟು ಹೊತ್ತಿನ ಸರಾಸರಿ ಲಾಭ, ಎಲ್ಲಿಂದ ಮುಂದೆ ನಷ್ಟ ಅಂತ ನೋಡುವ ಲೆಕ್ಕವನ್ನು ಡೇವಿಡ್ ಅಲನ್ 1966ರಲ್ಲಿ ಪರಮಾಣು ಗಡಿಯಾರಗಳಿಗಾಗಿ ಮಾಡಿದರು. ಅದೇ ಲೆಕ್ಕವನ್ನು ಇವತ್ತು ಗೈರೋಗೂ ಬಳಸುತ್ತಾರೆ. ಎಂ.ಟೆಕ್ ಮಾಡುವವರು ಅಲನ್ ವೇರಿಯನ್ಸ್ ಅಂತ ಹುಡುಕಿ ಓದಿ, ಒಂದು ರಾತ್ರಿಯ ಓದುಗಳನ್ನು ಹಿಡಿದಿಟ್ಟು ನೀವೇ ಮಾಡಿ ನೋಡಿ.

ಈಗ ಫರ್ಮ್‌ವೇರ್, ಅಂದರೆ ಬೋರ್ಡಿನೊಳಗೆ ಕೂತಿರುವ ಪ್ರೋಗ್ರಾಂ, ಆ ಕೆಲವು ಸೆಕೆಂಡಿನಲ್ಲಿ ಏನು ಮಾಡುತ್ತದೆ ನೋಡೋಣ. ರೇಸಿಂಗ್ ಡ್ರೋನುಗಳಲ್ಲಿ ಇರುವ ಬೀಟಾಫ್ಲೈಟ್, ಸೆಟ್ಟಿಂಗ್ ಏನೂ ಬದಲಿಸದಿದ್ದರೆ, ಒಂದೂಕಾಲು ಸೆಕೆಂಡಿನ ಓದುಗಳನ್ನು ಕೂಡಿಸುತ್ತದೆ. ಅವುಗಳ ಕುಣಿತ ಎಷ್ಟಿದೆ ಅಂತಲೂ ನೋಡುತ್ತದೆ. ಮಿತಿ ಮೀರಿದರೆ ಅಷ್ಟನ್ನೂ ಬಿಸಾಡಿ ಮೊದಲಿನಿಂದ ಶುರು ಮಾಡುತ್ತದೆ. ಆ ಮಿತಿಯನ್ನು ಸೆಟ್ಟಿಂಗಿನಲ್ಲಿ ಏರಿಸಿ "ಈಗ ಬೇಗ ಆಗುತ್ತೆ" ಅಂತ ಖುಷಿಪಡುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಕಾವಲುಗಾರನನ್ನು ಮಲಗಿಸಿ ಬಾಗಿಲು ಸುಲಭವಾಗಿ ತೆರೆಯಿತು ಅಂದ ಹಾಗಾಗುತ್ತದೆ. ಬ್ಯಾಟರಿ ತೆಗೆಯದೆ ಮತ್ತೆ ಕ್ಯಾಲಿಬ್ರೇಟ್ ಮಾಡಬೇಕಾದರೆ ಬೀಟಾಫ್ಲೈಟಿನಲ್ಲಿ ರಿಮೋಟಿನಿಂದಲೇ ಆಗುತ್ತದೆ. ರಿಮೋಟಿನ ಕಡ್ಡಿಗಳನ್ನು ನಮ್ಮಲ್ಲಿ ಹೆಚ್ಚು ಜನ ಮೋಡ್ 2 ಅನ್ನುವ ಜೋಡಣೆಯಲ್ಲಿ ಬಳಸುತ್ತಾರೆ, ಅದರಲ್ಲಿ ಎಡಗಡೆಯ ಕಡ್ಡಿ ಕೆಳಗೆ ಎಡಕ್ಕೆ, ಬಲಗಡೆಯ ಕಡ್ಡಿ ನೆಟ್ಟಗೆ ಕೆಳಗೆ.

ಔಷಧಿ ಹೊಡೆಯುವ ದೊಡ್ಡ ಯಂತ್ರಗಳ ಪೈಕಿ ಹಲವು ಆರ್ಡುಪೈಲಟ್ ಅನ್ನುವ ಫರ್ಮ್‌ವೇರ್ ಮೇಲೆ ನಡೆಯುತ್ತವೆ. ಅದು ಇನ್ನೂ ಹುಷಾರು. 50 ಓದುಗಳ ಸರಾಸರಿ ತೆಗೆಯುತ್ತದೆ. ಮತ್ತೆ 50, ಮತ್ತೆ 50. ಹಿಂದಿನ ಸರಾಸರಿಗೂ ಈಗಿನದಕ್ಕೂ ಸೆಕೆಂಡಿಗೆ 0.1 ಡಿಗ್ರಿಗಿಂತ ಕಡಿಮೆ ವ್ಯತ್ಯಾಸ ಬಂದಾಗ ಮಾತ್ರ ಒಪ್ಪುತ್ತದೆ. ಅಲುಗಾಟವನ್ನೂ ಗುರುತ್ವವನ್ನೂ ಅಳೆಯುವ ಇನ್ನೊಂದು ಸೆನ್ಸರ್, ಅಕ್ಸೆಲರೋಮೀಟರ್, ಆ ಹೊತ್ತಿನಲ್ಲಿ ಅಲುಗಾಟ ಕಂಡಿದ್ದರೆ ಆ ಓದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅರ್ಧ ನಿಮಿಷ ಹೀಗೆ ಪ್ರಯತ್ನಪಡುತ್ತದೆ. ಟಂಟಂ ಮೇಲೆ ಅರ್ಧ ನಿಮಿಷವೂ ಸಾಲಲಿಲ್ಲ. ದೀಪ ಇರುವ ಬೋರ್ಡಾದರೆ ಈ ಹೊತ್ತಿನಲ್ಲಿ ಕೆಂಪು ನೀಲಿ ಮಿನುಗುತ್ತದೆ. ಅದು ಮಿನುಗುವಾಗ ಡ್ರೋನಿಗೆ ಯಾರ ಕೈಯೂ ತಾಗಬಾರದು.

ಇಷ್ಟೆಲ್ಲ ಕಾವಲು ಇದ್ದರೂ ಒಂದು ಸುಳ್ಳು ಮಾತ್ರ ಒಳಗೆ ನುಸುಳುತ್ತದೆ. ಅದನ್ನು ನನಗೆ ಕಲಿಸಿದ್ದು ಉಣಕಲ್ ಕೆರೆ. ಗೆಳೆಯರೊಬ್ಬರು ಕೆರೆಯ ವಿಡಿಯೋ ತೆಗೆಯಲು ದೋಣಿಯಲ್ಲೇ ಕೂತು ಸಣ್ಣ ಡ್ರೋನಿಗೆ ಬ್ಯಾಟರಿ ಹಾಕಿದರು. ನೀರು ಶಾಂತ. ದೋಣಿ ಅಲುಗಾಡುತ್ತಿರಲಿಲ್ಲ. ಆದರೆ ಹುಟ್ಟು ಬಿಟ್ಟಿದ್ದರಿಂದ ತುಂಬಾ ನಿಧಾನವಾಗಿ, ಒಂದೇ ಸಮನೆ ತಿರುಗುತ್ತಿತ್ತು. ಬೀಪ್ ಬಂತು. ಡ್ರೋನ್ ಮೇಲೆ ಹೋದದ್ದೇ ನಿಧಾನವಾಗಿ ಸುತ್ತತೊಡಗಿತು. "ತಾನ ತಿರಗಾಕತ್ತೈತಲ್ಲಪಾ!" ಅಂತ ಅವರು ಕೂಗಿದ್ದು ಈಗಲೂ ನೆನಪಿದೆ.

ಏನಾಯಿತು ಯೋಚಿಸಿ. ಕುಣಿತ ಇದೆಯಾ ಅಂತ ಫರ್ಮ್‌ವೇರ್ ನೋಡಿತು, ಇರಲಿಲ್ಲ. ಅಕ್ಸೆಲರೋಮೀಟರನ್ನು ಕೇಳಿದ್ದರೂ ಅದು ಏನೂ ಹೇಳುತ್ತಿರಲಿಲ್ಲ. ನೆಟ್ಟಗಿನ ಅಕ್ಷದ ಸುತ್ತ ತಿರುಗಿದರೆ ಗುರುತ್ವ ಕೆಳಗೇ ಇರುತ್ತದೆ, ಏನೂ ಬದಲಾಗುವುದಿಲ್ಲ. ಒಂದೇ ಸಮನೆ ತಿರುಗುವುದೂ ಹುಟ್ಟಿನಿಂದ ಬಂದ ಓರೆಯೂ ಚಿಪ್ಪಿನ ಕಣ್ಣಿಗೆ ಒಂದೇ ಥರ. ದೋಣಿಯ ತಿರುಗುವಿಕೆಯೇ ಸೊನ್ನೆ ಅಂತ ಅದು ನಂಬಿತು. ಮೇಲೆ ಹೋದ ಮೇಲೆ ತಾನು ನಿಂತಿರಬೇಕು ಅಂತ ಹೊರಟು ದೋಣಿಯ ವೇಗದಲ್ಲಿ ತಿರುಗುತ್ತಾ ನಿಂತಿತು. ದಿಕ್ಸೂಚಿ ಇದ್ದಿದ್ದರೆ ತಿದ್ದಿಕೊಳ್ಳುತ್ತಿತ್ತು, ಆ ಸಣ್ಣ ಡ್ರೋನಿನಲ್ಲಿ ಅದಿರಲಿಲ್ಲ. ಕೈಯಲ್ಲಿ ಹಿಡಿದುಕೊಂಡು ಬ್ಯಾಟರಿ ಹಾಕುವುದು ಇದಕ್ಕೇ ಬೇಡ ಅನ್ನುವುದು. ನಮ್ಮ ಮೈ ನಮಗೆ ಗೊತ್ತಾಗದ ಹಾಗೆ ನಿಧಾನವಾಗಿ ತಿರುಗುತ್ತಿರುತ್ತದೆ.

ವಾಲುವ ಕಡೆ ಓರೆ ತಪ್ಪಿದರೆ ಏನಾಗುತ್ತದೆ? ಕೋನ ಹಿಡಿದು ಹಾರುವ ಮೋಡಿನಲ್ಲಿ ಅಕ್ಸೆಲರೋಮೀಟರ್ ಕೆಳಗೆ ಯಾವುದು ಅಂತ ಹೇಳುತ್ತಾ ಗೈರೋವನ್ನು ಎಳೆದು ಸರಿದಾರಿಗೆ ತರುತ್ತಿರುತ್ತದೆ. ಗೈರೋ ತಪ್ಪು ಹೇಳುತ್ತಲೇ ಇರುತ್ತದೆ. ಈ ಜಗ್ಗಾಟದಲ್ಲಿ ಡ್ರೋನ್ ಎಲ್ಲೋ ನಡುವೆ, ಸ್ವಲ್ಪ ವಾಲಿಯೇ ನಿಲ್ಲುತ್ತದೆ. ಒಂದು ಕಡೆಗೆ ಜಾರುತ್ತಾ ಹೋಗುತ್ತದೆ. ದೊಡ್ಡ ಯಂತ್ರಗಳಲ್ಲಿ ಕಾಲ್ಮನ್ ಫಿಲ್ಟರ್ ಇರುತ್ತದೆ. ಕಾಲ್ಮನ್ 1960ರಲ್ಲಿ ಬರೆದ ಲೆಕ್ಕ ಅದು. ಹಾರುತ್ತಿರುವಾಗಲೇ ಓರೆ ಎಷ್ಟಿರಬಹುದು ಅಂತ ಅದು ಅಂದಾಜು ಮಾಡಿ ತಿದ್ದಿಕೊಳ್ಳುತ್ತದೆ. ಆದರೆ ನೆಲ ಬಿಡುವ ಮೊದಲ ಕೆಲವು ಸೆಕೆಂಡುಗಳಲ್ಲಿ ಅದರ ಕೈಯಲ್ಲಿರುವುದು ನೀವು ಕೊಟ್ಟ ಸೊನ್ನೆಯೇ.

ಭೂಮಿ ತಿರುಗುವುದನ್ನೂ ಗೈರೋ ಸೊನ್ನೆ ಅಂದುಕೊಳ್ಳುತ್ತದಾ ಅಂತ ಇಲ್ಲಿ ಮುಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ. ತುಂಬಾ ಒಳ್ಳೆಯ ಪ್ರಶ್ನೆ. ಹೌದು, ಅಂದುಕೊಳ್ಳುತ್ತದೆ. ಭೂಮಿ ತಾಸಿಗೆ 15 ಡಿಗ್ರಿ ತಿರುಗುತ್ತದೆ. ಹುಬ್ಬಳ್ಳಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಹಾಗಾಗಿ ನಮ್ಮ ನೆಟ್ಟಗಿನ ಅಕ್ಷದ ಸುತ್ತ ಬರುವುದು ತಾಸಿಗೆ ಸುಮಾರು 4 ಡಿಗ್ರಿ. ಫೂಕೋನ ಲೋಲಕವನ್ನು ಇಲ್ಲಿ ತೂಗುಹಾಕಿದರೂ ಅಷ್ಟೇ ತಿರುಗುತ್ತದೆ. ಇಪ್ಪತ್ತು ನಿಮಿಷದ ಹಾರಾಟಕ್ಕೆ ಅದು ಏನೇನೂ ಅಲ್ಲ. ನಮ್ಮ ಚಿಪ್ಪಿನ ಕುಣಿತದಲ್ಲೇ ಮುಚ್ಚಿಹೋಗುತ್ತದೆ.

ಈಗ ಬಿಸಿಯ ಮಾತು. ಕೂದಲು ಒಣಗಿಸುವ ಡ್ರೈಯರ್ ತಂದಿದ್ದೇನೆ. ದೂರದಿಂದ, ಹಲಗೆ ಅಲುಗದ ಹಾಗೆ ಬಿಸಿ ಗಾಳಿ ಬಿಡುತ್ತೇನೆ. ಜೆಡ್ ನೋಡಿ. 12, 13, 15, 17, 19. ಹಲಗೆ ಕದಲಿಲ್ಲ, ಓರೆ ಕದಲಿತು. 7 ಅಂಕಿ ಅಂದರೆ ಸೆಕೆಂಡಿಗೆ 0.4 ಡಿಗ್ರಿಗಿಂತ ಸ್ವಲ್ಪ ಜಾಸ್ತಿ, ನಿಮಿಷಕ್ಕೆ 25 ಡಿಗ್ರಿ. ಡಿಸೆಂಬರಿನ ಬೆಳಿಗ್ಗೆ ಧಾರವಾಡದ ಚಳಿ ನಿಮಗೆ ಗೊತ್ತು. ಆ ಚಳಿಯಲ್ಲಿ ತಣ್ಣಗಿರುವ ಬೋರ್ಡಿಗೆ ಬ್ಯಾಟರಿ ಹಾಕಿ ಸೊನ್ನೆ ತೋರಿಸುತ್ತೀರಿ. ಐದು ನಿಮಿಷದಲ್ಲಿ ಬೋರ್ಡ್ ತನ್ನ ಕಾವಿಗೇ ಬಿಸಿಯಾಗುತ್ತದೆ. ಸೊನ್ನೆ ಮಾತ್ರ ಚಳಿಯದ್ದೇ ಉಳಿದಿರುತ್ತದೆ. ಅದಕ್ಕೆ ಚಳಿಗಾಲದಲ್ಲಿ ನಾನು ಬ್ಯಾಟರಿ ಹಾಕಿ ಒಂದೆರಡು ನಿಮಿಷ ಬಿಟ್ಟು, ಬೋರ್ಡ್ ಬೆಚ್ಚಗಾದ ಮೇಲೆ ಮತ್ತೊಮ್ಮೆ ಕ್ಯಾಲಿಬ್ರೇಟ್ ಮಾಡುತ್ತೇನೆ. ಬ್ಯಾಟರಿ ಸ್ವಲ್ಪ ಖರ್ಚಾದರೂ ಪರವಾಗಿಲ್ಲ.

ದುಬಾರಿ ಬೋರ್ಡುಗಳಲ್ಲಿ ಚಿಪ್ಪಿನ ಪಕ್ಕ ಸಣ್ಣ ಹೀಟರ್ ಇಟ್ಟು ಅದನ್ನು ಒಂದೇ ಬಿಸಿಯಲ್ಲಿ ಇಡುತ್ತಾರೆ. ಹೀಟರ್ ಇಲ್ಲದವರಿಗೆ ಆರ್ಡುಪೈಲಟ್ 4.1ರಿಂದ ಇನ್ನೊಂದು ದಾರಿ ಇದೆ. ಬೋರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಇಡುತ್ತೀರಿ. ಚೆನ್ನಾಗಿ ತಣ್ಣಗಾದ ಮೇಲೆ ಹೊರಗೆ ತೆಗೆದು, ಅಲುಗದ ಕಡೆ ಇಟ್ಟು ಚಾಲೂ ಮಾಡುತ್ತೀರಿ. ಅದು ನಿಧಾನವಾಗಿ ಬಿಸಿಯಾಗುತ್ತಾ ಹೋದಂತೆ ಯಾವ ಬಿಸಿಗೆ ಎಷ್ಟು ಓರೆ ಅಂತ ತಾನೇ ಕಲಿತು ಒಂದು ಗೆರೆ ಎಳೆದುಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಹಾಲಿನ ಪಾತ್ರೆಯ ಪಕ್ಕ ಬೋರ್ಡ್ ಇಡಲು ನಮ್ಮ ಅಮ್ಮನನ್ನು ಕೇಳಿಯೇ ಇಟ್ಟೆ. ಒಂದು ಎಚ್ಚರಿಕೆ: ಹೊರಗೆ ತೆಗೆದಾಗ ಬೋರ್ಡಿನ ಮೇಲೆ ನೀರ ಹನಿ ಕೂರದ ಹಾಗೆ ಚೀಲದಲ್ಲೇ ಇರಲಿ.

ಸೊನ್ನೆ ಸರಿಯಾಯಿತು. ಅಳತೆ ಸರಿಯಿದೆಯಾ? ಅಂದರೆ, ಸೆಕೆಂಡಿಗೆ 200 ಡಿಗ್ರಿ ತಿರುಗಿಸಿದರೆ 200 ಅಂತಲೇ ಹೇಳುತ್ತದಾ? ಇದನ್ನು ಫರ್ಮ್‌ವೇರ್ ನೋಡುವುದಿಲ್ಲ, ತಯಾರಕರ ಮಾತನ್ನು ನಂಬುತ್ತದೆ. ನೋಡಬೇಕಾದರೆ ಗೊತ್ತಿರುವ ವೇಗದಲ್ಲಿ ಒಂದೇ ಸಮನೆ ತಿರುಗುವ ವಸ್ತು ಬೇಕು. ಲ್ಯಾಬುಗಳಲ್ಲಿ ಅದಕ್ಕೆ ಲಕ್ಷಗಟ್ಟಲೆ ಬೆಲೆಯ ಮೇಜು ಇರುತ್ತದೆ. ನನಗೆ ಅದು ಸಿಕ್ಕಿದ್ದು ಧಾರವಾಡದ ಮಾಳಮಡ್ಡಿಯಲ್ಲಿ, ನಮ್ಮ ಸೋದರಮಾವನ ಮನೆಯಲ್ಲಿ. ಹಳೆಯ ರೆಕಾರ್ಡ್ ಪ್ಲೇಯರ್!

ಮನ್ಸೂರರ, ಗಂಗೂಬಾಯಿಯವರ ದೊಡ್ಡ ರೆಕಾರ್ಡುಗಳನ್ನು ಅದರಲ್ಲಿ ಕೇಳುತ್ತಾ ನಾನು ಬೆಳೆದಿದ್ದೇನೆ. ಎಲ್‌ಪಿ ರೆಕಾರ್ಡ್ ನಿಮಿಷಕ್ಕೆ ಮೂವತ್ಮೂರು ಮತ್ತು ಮೂರನೇ ಒಂದು ಸುತ್ತು ತಿರುಗುತ್ತದೆ. ಗುಣಿಸಿ ನೋಡಿ. ಸೆಕೆಂಡಿಗೆ ಸರಿಯಾಗಿ 200 ಡಿಗ್ರಿ. ಇದು ಹೊಳೆದ ದಿನ ನನಗೆ ನಿದ್ದೆ ಬರಲಿಲ್ಲ. ಮರುದಿನವೇ ಹೋದೆ. "ಮಾಮಾ, ಒಂದು ತಾಸು ಪ್ಲೇಯರ್ ಬೇಕು" ಅಂದೆ. "ಸೂಜಿಗೆ ಕೈ ಹಚ್ಚಬ್ಯಾಡ" ಅಂದರು. ಮೊದಲು ಪ್ಲೇಯರನ್ನೇ ಪರೀಕ್ಷೆ ಮಾಡಬೇಕಲ್ವಾ? ತಟ್ಟೆಯ ಅಂಚಿಗೆ ಕಾಗದದ ಚೂರು ಅಂಟಿಸಿ 100 ಸುತ್ತು ಎಣಿಸಿದೆವು. ಸರಿಯಾಗಿ ಮೂರು ನಿಮಿಷ ಆಗಬೇಕು. ಮಾಮಾ ಗಡಿಯಾರ ಹಿಡಿದಿದ್ದರು. ವೇಗದ ತಿರುಪು ಸ್ವಲ್ಪ ತಿರುಗಿಸಿದ ಮೇಲೆ ಮೂರು ನಿಮಿಷಕ್ಕೆ ಬಂತು.

ಆಮೇಲೆ ಹಲಗೆ, ಸಣ್ಣ ಬ್ಯಾಟರಿ, ಬ್ಲೂಟೂತ್ ತುಂಡು, ಮೂರನ್ನೂ ತಟ್ಟೆಗೆ ಟೇಪ್ ಹಾಕಿ ಅಂಟಿಸಿದೆ. ತಟ್ಟೆ ನಿಂತಿರುವಾಗ ಸೊನ್ನೆ ತೆಗೆದುಕೊಂಡೆ. ನಡುವಿನ ಮೊಳೆ ಅಡ್ಡ ಬರುವುದರಿಂದ ಹಲಗೆಯನ್ನು ಅಂಚಿನ ಕಡೆ ಇಡಬೇಕಾಯಿತು. ಅದರಿಂದ ಏನೂ ತೊಂದರೆ ಇಲ್ಲ. ತಟ್ಟೆಯ ಎಲ್ಲಿ ಇಟ್ಟರೂ ತಿರುಗುವ ವೇಗ ಒಂದೇ. ಬರಬೇಕಾದ ಅಂಕಿ 200 ಗುಣಿಸು 16.4, ಅಂದರೆ 3280. ರೆಕಾರ್ಡ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುವುದರಿಂದ ಅದು ಮೈನಸ್ ಆಗಿ ಬರುತ್ತದೆ. ಫೋನಿನಲ್ಲಿ ಮೈನಸ್ 3240ರ ಆಸುಪಾಸು ಕಂಡಿತು. ನೂರಕ್ಕೆ ಒಂದಕ್ಕಿಂತ ಸ್ವಲ್ಪ ಜಾಸ್ತಿ ತಪ್ಪು. ತಯಾರಕರು ನೂರಕ್ಕೆ 3ರವರೆಗೆ ಇರಬಹುದು ಅಂದಿದ್ದಾರೆ, ಅದರೊಳಗೇ ಇದೆ. ಪ್ಲೇಯರ್ ಇರುವ ಮನೆ ಧಾರವಾಡದಲ್ಲಿ ಇನ್ನೂ ಎಷ್ಟೋ ಇವೆ. ಹಿರಿಯರನ್ನು ಕೇಳಿ, ಒಪ್ಪಿಕೊಂಡರೆ ನೀವೂ ಮಾಡಿ. ಈ ಅಳತೆಯ ತಪ್ಪು ಹಾರಾಟಕ್ಕೆ ಅಂಥ ತೊಂದರೆ ಕೊಡುವುದಿಲ್ಲ. ಆದರೆ ಚಿಪ್ ನಿಜ ಹೇಳುತ್ತಿದೆ ಅಂತ ಕಣ್ಣಾರೆ ಕಂಡಾಗ ಅದರ ಮೇಲೆ ಬರುವ ಭರವಸೆಯೇ ಬೇರೆ.

ಪ್ರಶ್ನೆಗಳಿಗೆ ಬರುತ್ತೇನೆ. "ಮೇಜು ಸಮ ಇರಬೇಕಾ ಸರ್?" ಅಂತ ಐಟಿಐನ ಒಬ್ಬ ತಮ್ಮ ಕೇಳಿದ. ಗೈರೋಗೆ ಬೇಡ. ಬದುವಿನ ಮೇಲೆ ವಾಲಿಸಿ ಇಟ್ಟರೂ ಸರಿ, ಕದಲದಿದ್ದರೆ ಸಾಕು. ಸಮ ಬೇಕಾದದ್ದು ಅಕ್ಸೆಲರೋಮೀಟರ್ ಕ್ಯಾಲಿಬ್ರೇಷನ್ನಿಗೆ. ಆರು ಕಡೆ ತಿರುಗಿಸಿ ಇಡಿ ಅಂತ ಕೇಳುವುದೂ ಅದೇ. ಅದನ್ನು ಒಮ್ಮೆ ಚೆನ್ನಾಗಿ ಮಾಡಿದರೆ ಬಹಳ ದಿನ ಬಾಳುತ್ತದೆ. ಗೈರೋಗೆ ಪ್ರತಿ ಸಲವೂ ಬೇಕು. ಇವೆರಡನ್ನೂ ಒಂದೇ ಅಂದುಕೊಂಡು ಬರುವವರು ನನ್ನ ಅಂಗಡಿಗೆ ವಾರಕ್ಕೊಬ್ಬರಾದರೂ ಇದ್ದಾರೆ. ಹಾಂ, ಕ್ಯಾಲಿಬ್ರೇಷನ್ ಮೇಜಿನ ಮೇಲೆ ಮಾಡುವಾಗ ಪ್ರೊಪೆಲ್ಲರ್ ಬಿಚ್ಚಿಡಿ. ಹಾರಿಸಿ ನೋಡುವುದಾದರೆ ಹುಬ್ಬಳ್ಳಿಯಲ್ಲಿ ವಿಮಾನ ನಿಲ್ದಾಣ ಊರಿಗೆ ಅಂಟಿಕೊಂಡಿದೆ, ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯನ್ನು ಮೊದಲು ನೋಡಿಕೊಳ್ಳಿ.

ಸ್ವಂತ ಕೋಡ್ ಬರೆಯುತ್ತಿರುವ ಒಬ್ಬ ವಿದ್ಯಾರ್ಥಿನಿ 200 ಓದು ಸಾಕಾ ಅಂತ ಕೇಳಿದಳು. ಓದು ಎಷ್ಟು ಅನ್ನುವುದಕ್ಕಿಂತ ಮೂರು ವಿಷಯ ನೋಡಮ್ಮ ಅಂದೆ. ಚಾಲೂ ಆದ ಕೂಡಲೇ ಬರುವ ಮೊದಲ ಓದುಗಳನ್ನು ಬಿಟ್ಟುಬಿಡು, ಚಿಪ್ ಇನ್ನೂ ನೆಲೆ ನಿಂತಿರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಓದಿಗೂ ಚಿಕ್ಕ ಓದಿಗೂ ಅಂತರ ಎಷ್ಟು ಅಂತ ನೋಡು, ಜಾಸ್ತಿ ಇದ್ದರೆ ಮೊದಲಿನಿಂದ ಶುರು ಮಾಡು. ಸರಾಸರಿಯನ್ನು ಪೂರ್ಣಾಂಕಕ್ಕೆ ಕತ್ತರಿಸಬೇಡ. ಅರ್ಧ ಅಂಕಿ ಅಂತ ಬಿಟ್ಟರೆ ನಿಮಿಷಕ್ಕೆ ಹತ್ತಿರಹತ್ತಿರ 2 ಡಿಗ್ರಿ ಹೋಗುತ್ತದೆ. ಇನ್ನೊಂದು, ಬಂದ ಓರೆಯನ್ನು ಪ್ರತಿ ಸಲ ಒಂದು ಕಡೆ ಬರೆದಿಡು. ಎಷ್ಟೋ ದಿನ 33ರ ಹತ್ತಿರ ಇದ್ದದ್ದು, ಡ್ರೋನ್ ಒಮ್ಮೆ ಬಿದ್ದ ಮೇಲೆ 150ಕ್ಕೆ ಹಾರಿದರೆ ಆ ಚಿಪ್ಪಿಗೆ ಪೆಟ್ಟಾಗಿದೆ. ಕಳೆದು ಸರಿಮಾಡಿಕೊಂಡು ಹಾರಿಸುವ ಬದಲು ಬದಲಾಯಿಸಿಬಿಡು.

ಕೊನೆಗೆ ಹಾವೇರಿ ಕಡೆಯ ಒಬ್ಬ ಅಕ್ಕಾರು ಎದ್ದು ನಿಂತರು. ಸ್ವಸಹಾಯ ಸಂಘದಿಂದ ಡ್ರೋನ್ ತರಬೇತಿ ಪಡೆದವರು, ಗೋವಿನಜೋಳ ಮತ್ತು ಹತ್ತಿಗೆ ಔಷಧಿ ಹೊಡೆಯುತ್ತಾರೆ. "ಟ್ಯಾಂಕ್ ತುಂಬೂದು ಮೊದಲಾ, ಬ್ಯಾಟರಿ ಹಾಕೂದು ಮೊದಲಾ ಸರ್ರ? ನಮ್ಮಾಕಿ ಬ್ಯಾಟರಿ ಹಾಕಿದ ಮ್ಯಾಲೆ ಔಷಧಿ ಸುರೀತಾಳ್ರಿ." ಇಡೀ ಬೆಳಿಗ್ಗೆ ನಾನು ಹೇಳಿದ್ದರ ತಿರುಳು ಆ ಪ್ರಶ್ನೆಯಲ್ಲಿತ್ತು. 10 ಲೀಟರ್ ಟ್ಯಾಂಕಿಗೆ ನೀರು ಸುರಿಯುವಾಗ ಡ್ರೋನ್ ಕಾಲಿನ ಮೇಲೆ ಓಲಾಡುತ್ತದೆ, ಒಳಗೆ ನೀರು ತುಳುಕುತ್ತದೆ. ಆಗಲೇ ಗೈರೋ ಸೊನ್ನೆ ಹುಡುಕುತ್ತಿರುತ್ತದೆ. ಜೊತೆಗೆ, ಬ್ಯಾಟರಿ ಹಾಕಿದ ಯಂತ್ರದ ಮೇಲೆ ಬಗ್ಗಿ ನಿಲ್ಲುವುದು ಕೈಗೂ ಅಪಾಯ. ಮೊದಲು ತುಂಬಿ, ಮುಚ್ಚಳ ಹಾಕಿ, ನೀರು ನಿಲ್ಲಲಿ, ಆಮೇಲೆ ಬ್ಯಾಟರಿ ಅಂದೆ.

ಗದಗದ ಕಪ್ಪತಗುಡ್ಡದ ಬುಡದಲ್ಲಿ ಹೊಡೆಯುವವರೊಬ್ಬರು ಪಕ್ಕದಿಂದ ಸೇರಿಸಿದರು: "ನಮ್ಮಲ್ಲಿ ಗಾಳಿ ಭಾಳ್ರಿ, ಪ್ರೊಪೆಲ್ಲರ್ ತಾನ ತಿರಗತಾವು." ಗಾಡಿಯ ಮರೆಯಲ್ಲಿ ಇಡಿ, ಎಂಜಿನ್ ಬಂದ್ ಇರಲಿ ಅಂದೆ. ಅಕ್ಕಾರು ತಮ್ಮ ಜೊತೆಗೆ ಬಂದಿದ್ದ ಹುಡುಗಿಯ ಕಡೆ ತಿರುಗಿ ಬೆರಳು ಮಡಚುತ್ತಾ ಹೇಳಿಕೊಟ್ಟರು: "ಕೇಳಿದಿಲ್ಲೋ? ತುಂಬೂದು. ಮುಚ್ಚಳ. ನೀರು ನಿಂತಿತಿಲ್ಲೋ ನೋಡೂದು. ಬ್ಯಾಟರಿ. ನಾಲ್ಕು ಹೆಜ್ಜಿ ಹಿಂದ. ಬೀಪ್ ಬರೂತನಾ ಮುಟ್ಟಂಗಿಲ್ಲ."